ಕೇಟಿಯ ಅಜ್ಜಿ ಮೊದಲು ಮಾತಾಡಿದ್ದು ಯಾರ ಹತ್ತಿರ?

ದೆವ್ವ, ಶಕುನ, ಸತ್ತವರು ಕನಸಿನಲ್ಲಿ ಬಂದು ಹೇಳಿದರು ಎಂಬಂಥ ಮಾತುಗಳನ್ನು ನಾನು ಯಾವತ್ತೂ ನಂಬಿದವಳಲ್ಲ. ಮೈಸೂರಿನಲ್ಲಿ ನಮ್ಮ ಸೋದರತ್ತೆ, ತೀರಿಕೊಂಡ ಮಾವನ ಕೆಮ್ಮು ಹಿತ್ತಲ ಕಡೆಯಿಂದ ಕೇಳಿಸುತ್ತದೆ ಎಂದು ಕಣ್ಣೊರೆಸಿಕೊಂಡಾಗ, ಆಗಿನ್ನೂ ಮೆಡಿಕಲ್ ಓದುತ್ತಿದ್ದ ನಾನು ಅವರನ್ನು ಬೆಳಕಿಗೆ ಕೂರಿಸಿ ಕಿವಿಯೊಳಗೆ ಟಾರ್ಚ್ ಬಿಟ್ಟು ನೋಡಿದ್ದೆ. ಗುಗ್ಗೆ ತೆಗೆಸಿದ ಮೇಲೆ ಮಾವನ ಕೆಮ್ಮೂ ನಿಂತಿತು. ಈ ಕಥೆಯನ್ನು ಎಷ್ಟು ಜನರ ಮುಂದೆ ಹೇಳಿ ನಕ್ಕಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ಈಗ ನಾನು ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಿಮಗೂ ಕಿವಿ ತೋರಿಸಿಕೊಳ್ಳಿ ಎನ್ನುತ್ತಿದ್ದೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಿನ ಕಥೆ. ಯಾರ ಮೇಲೆ ಎಂದರೆ, ಕಟ್ಟಿಕೊಂಡ ಗಂಡನ ಮೇಲೆ.

ನಾನೂ ನಮ್ಮವರೂ, ಅಂದರೆ ಶ್ರೀಕಂಠಮೂರ್ತಿಯವರೂ, ಮೆಡಿಕಲ್ ಕಾಲೇಜಿನಲ್ಲಿ ಒಂದೇ ಕ್ಲಾಸು. ಚಿನ್ನದ ಪದಕ ನನಗೆ ಬಂದಿತ್ತು. ಅವರು ಪಾಸಾದದ್ದೇ ಹೆಚ್ಚು ಎಂದು ಅವರ ಅಪ್ಪನೇ ಹೇಳುತ್ತಿದ್ದರು. ಓದುವಾಗ ‘ಏ ಶ್ರೀಕಂಠ’ ಎಂದು ಕರೆಯುತ್ತಿದ್ದವಳು ಮದುವೆಯಾದ ಮೇಲೆ ಅತ್ತೆಯ ಮುಖ ನೋಡಿ ‘ರೀ’ ಎನ್ನಲು ಕಲಿತೆ. ಅದೊಂದು ಬಿಟ್ಟರೆ ಇನ್ನಾವುದರಲ್ಲೂ ಅವರು ನನಗಿಂತ ಮೇಲೆ ಎಂದು ಒಪ್ಪಿಕೊಳ್ಳಲು ನನ್ನ ಮನಸ್ಸು ತಯಾರಿರಲಿಲ್ಲ. ಅರವತ್ತರ ದಶಕದ ಕೊನೆಗೆ ಇಬ್ಬರೂ ಅಮೆರಿಕಕ್ಕೆ ಬಂದೆವು. ಮೊದಲು ಡಲ್ಲಾಸಿನಲ್ಲಿ ಇಂಟರ್ನ್‌ಶಿಪ್, ಆಮೇಲೆ ಹ್ಯೂಸ್ಟನ್ನಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಎಂಬ ಮುಂದಿನ ತರಬೇತಿ. ಅಲ್ಲಿ ಅವರು ‘ಡಾಕ್ಟರ್ ಮೂರ್ತಿ’ ಆದರು. ನಾನೂ ಡಾಕ್ಟರ್ ಮೂರ್ತಿಯೇ, ಆದರೆ ಗುರುತಿಗೆ ಬೇಕಲ್ಲ, ಎಲ್ಲರೂ ನನ್ನನ್ನು ‘ಲೇಡಿ ಮೂರ್ತಿ’ ಎಂದು ಕರೆದರು. ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ನಮ್ಮ ವಾರ್ಡಿನಲ್ಲಿದ್ದವರೆಲ್ಲ ವಯಸ್ಸಾದವರು. ವಯಸ್ಸಾದವರ ಕಾಯಿಲೆ ಒಂದು ಬಗೆಯ ಕಣ್ಣಾಮುಚ್ಚಾಲೆ. ಒಬ್ಬೊಬ್ಬರಿಗೂ ನಾಲ್ಕಾರು ಹಳೆಯ ರೋಗ ಇರುತ್ತದೆ, ಅವುಗಳ ಹಿಂದೆ ಹೊಸದೊಂದು ಬಂದು ಅಡಗಿ ಕೂತಿರುತ್ತದೆ. ಏನು ಹೇಳಿದರೂ ‘ವಯಸ್ಸಾಯ್ತಲ್ಲ’ ಎಂದು ಮನೆಯವರೂ ಡಾಕ್ಟರುಗಳೂ ಕೈತೊಳೆದುಕೊಳ್ಳುತ್ತಾರೆ. ಅಂಥಲ್ಲಿ ಅಪರೂಪದ ರೋಗವೊಂದನ್ನು ಹುಡುಕಿ ತೆಗೆಯುವುದು ನಮ್ಮ ಲೈನಿನಲ್ಲಿ ದೊಡ್ಡ ಹೆಸರು ತರುವ ಕೆಲಸ. ನಾನು ಪುಸ್ತಕ ಪುಸ್ತಕವನ್ನೇ ನುಂಗಿದವಳು, ಆ ಹೆಸರು ನನಗೇ ಬರಬೇಕು ಎಂದು ಕಾದೆ. ಬಂದದ್ದು ಅವರಿಗೆ.

ಆಸ್ಟಿನ್ ಕಡೆಯ ಜರ್ಮನ್ ಮೂಲದ ಮುದುಕ ರೈತನೊಬ್ಬ ಬಂದಿದ್ದ. ಕೀಲುನೋವು, ಭೇದಿ, ಕಡ್ಡಿಯಂತಾದ ಮೈ, ಮಕ್ಕಳ ಹೆಸರೂ ಮರೆತುಹೋಗಿತ್ತು. ಅರಳುಮರಳು ಎಂದು ಎಲ್ಲರೂ ಕೈಬಿಟ್ಟಿದ್ದರು. ನಮ್ಮವರು ಮಾತ್ರ ಅವನ ಮಂಚದ ಅಂಚಿನಲ್ಲಿ ಕೂತು, ಅವನು ಒಂದೊಂದೇ ಮಾತು ಹುಡುಕಿಕೊಳ್ಳುವವರೆಗೆ ಕಾದರು. ಈ ಕೀಲುನೋವು ಬಂದು ಎಷ್ಟೋ ವರ್ಷವಾಗಿದೆ, ಉಳಿದದ್ದೆಲ್ಲ ಅದರ ಹಿಂದೆಯೇ ಬಂತು ಎನ್ನುವುದು ಹೊರಬಿತ್ತು. ಕರುಳಿನ ಒಂದು ಚೂರು ತೆಗೆಸಿ ನೋಡಿದರೆ ಅಲ್ಲಿ ಅಡಗಿದ್ದದ್ದು ಬಹಳ ಅಪರೂಪದ ಒಂದು ಸೋಂಕು. ಔಷಧಿ ಬಿದ್ದ ಮೇಲೆ ಆ ಮನುಷ್ಯ ತನ್ನ ಕಾಲ ಮೇಲೆ ನಡೆದು ಮನೆಗೆ ಹೋದ. ಅಲ್ಲಿಂದಾಚೆ ಪ್ರತಿ ಚಳಿಗಾಲ ನಮ್ಮ ಅಪಾರ್ಟ್‌ಮೆಂಟಿಗೆ ಒಂದು ಚೀಲ ಅಕ್ರೋಟಿನಂಥ ಪೆಕಾನ್ ಕಾಯಿ ಬರತೊಡಗಿತು, ‘ಡಾಕ್ಟರ್ ಮೂರ್ತಿಯವರಿಗೆ’ ಎಂದು. ಒಡೆದು, ಬೆಲ್ಲ ಸಿಗದೆ ಕಂದು ಸಕ್ಕರೆ ಹಾಕಿ ಚಿಕ್ಕಿ ಮಾಡುತ್ತಿದ್ದವಳು ಈ ಲೇಡಿ ಮೂರ್ತಿ. ಒಂದೊಂದು ಕಾಯಿಯನ್ನೂ ಬೇಕಾದ್ದಕ್ಕಿಂತ ಜೋರಾಗಿಯೇ ಒಡೆಯುತ್ತಿದ್ದೆ.

ನಮ್ಮ ಪ್ರೊಫೆಸರ್ ಎತ್ತರದ ಆಳು, ಬಿಳಿ ಕೋಟಿನ ಕೆಳಗೆ ಕೌಬಾಯ್ ಬೂಟು. ಅವರು ರೌಂಡ್ಸಿನಲ್ಲಿ ಎಲ್ಲರ ಎದುರು ‘ಮೂರ್ತಿ ಹೇಗೆ ಕೂರುತ್ತಾನೆ ನೋಡಿ ಕಲಿಯಿರಿ’ ಎಂದರು. ಕೂರುವುದು! ನಾನು ಒಂದೇ ಉಸಿರಿಗೆ ಹತ್ತಾರು ಪ್ರಶ್ನೆ ಕೇಳಿ ಉತ್ತರ ತೆಗೆಯುತ್ತಿದ್ದೆ. ಅದು ಪೊಲೀಸರ ವಿಚಾರಣೆಯ ಹಾಗಿರುತ್ತದೆ ಎಂದು ಇವರು ಒಮ್ಮೆ ತಮಾಷೆ ಮಾಡಿದ್ದಕ್ಕೆ ನಾನು ಅಡುಗೆ ಮಾಡದೆ ಮಲಗಿದ್ದೆ. ಕೂರಲು ಯಾರಿಗೆ ಬರುವುದಿಲ್ಲ? ಚಿನ್ನದ ಪದಕ ಕೊಡುವುದು ಕೂತದ್ದಕ್ಕಾ?

ಆ ವರ್ಷ, ಎಪ್ಪತ್ತರ ದಶಕದ ಶುರುವಿನಲ್ಲಿ, ಪ್ರೊಫೆಸರು ಚೀಫ್ ರೆಸಿಡೆಂಟನ್ನು ಆರಿಸಬೇಕಿತ್ತು. ಎಳೆಯ ಡಾಕ್ಟರುಗಳಿಗೆಲ್ಲ ಮುಖ್ಯಸ್ಥನಾಗುವ ಹುದ್ದೆ ಅದು. ಒಬ್ಬರಿಗೆ ಮಾತ್ರ. ಪೈಪೋಟಿ ನಮ್ಮಿಬ್ಬರ ನಡುವೆಯೇ ಎಂದು ಇಡೀ ಆಸ್ಪತ್ರೆಗೆ ಗೊತ್ತಿತ್ತು. ಅವರಿಗೆ ಸಿಕ್ಕಿದರೆ ನಾನು ಜೀವಮಾನವಿಡೀ ಲೇಡಿ ಮೂರ್ತಿಯಾಗಿಯೇ ಉಳಿಯುತ್ತೇನೆ ಎಂದು ನನಗೆ ಖಚಿತವಾಗಿತ್ತು. ಮನೆಯಲ್ಲಿ ನಾವು ಆ ವಿಷಯ ಎತ್ತುತ್ತಲೇ ಇರಲಿಲ್ಲ. ಒಂದೇ ತಟ್ಟೆಯಲ್ಲಿ ಉಪ್ಪಿನಕಾಯಿ ಹಂಚಿಕೊಂಡು ತಿನ್ನುವ ಇಬ್ಬರು ಎದುರಾಳಿಗಳು.

ಅಂಥ ಒಂದು ಭಾನುವಾರ ನನಗೆ ಡ್ಯೂಟಿ, ಅವರಿಗೆ ರಜೆ. ಆಗ ಹ್ಯೂಸ್ಟನ್ನಿನ ಕನ್ನಡದವರೆಲ್ಲ ಒಂದು ಮನೆಯ ಹಾಲಿನಲ್ಲಿ ಹಿಡಿಸುತ್ತಿದ್ದರು. ಎಂಜಿನಿಯರ್ ಒಬ್ಬರ ಮನೆಯಲ್ಲಿ ಊಟ ಇಟ್ಟಿದ್ದರು. ಯಾರೋ ಊರಿನಿಂದ ಒಣಗಿಸಿದ ಕರಿಬೇವು ತಂದಿದ್ದಾರೆ, ಬಿಸಿಬೇಳೆಬಾತ್ ಆಗುತ್ತದೆ ಎಂದು ಸುದ್ದಿ. ಇವರು ಕನ್ನಡಿಯ ಮುಂದೆ ನಿಂತು ಶರಟಿನ ಗುಂಡಿ ಹಾಕಿಕೊಳ್ಳುತ್ತ ತಮ್ಮ ರೋಗಿಗಳನ್ನು ನನಗೆ ಒಪ್ಪಿಸಿದರು. ಬೇರೆ ಡಾಕ್ಟರುಗಳು ವಾರ್ಡಿನಲ್ಲಿ ನಿಂತು, ಕೇಸ್ ಪೇಪರ್ ಕೈಯಲ್ಲಿ ಹಿಡಿದು ಮಾಡುವ ಕೆಲಸ ಅದು. ನಾವು ಗಂಡ ಹೆಂಡತಿ, ಅಡುಗೆಮನೆಗೂ ಮಲಗುವ ಕೋಣೆಗೂ ನಡುವೆ ಕೂಗಿ ಮುಗಿಸುತ್ತಿದ್ದೆವು.

“ಮೂಲೆ ಕೋಣೇಲಿ ಒಬ್ಬರು ಅಜ್ಜಿ ಇದಾರೆ. ಕೇಟಿ ಅನ್ನೋ ಊರಿನವರು. ಜ್ವರ ಬಿಡ್ತಿಲ್ಲ, ಯಾಕೆ ಅಂತ ಯಾರಿಗೂ ಗೊತ್ತಾಗಿಲ್ಲ. ಸ್ವಲ್ಪ ಹೊತ್ತು ಹೋಗಿ ಅವರ ಹತ್ತಿರ ಕೂತ್ಕೊ,” ಎಂದರು.

‘ಕೂತ್ಕೊ’ ಎಂಬ ಮಾತಿಗೆ ನನ್ನ ಪಿತ್ತ ನೆತ್ತಿಗೇರಿತು. ನಲ್ಲಿಯನ್ನು ಪೂರ್ತಿ ತಿರುಗಿಸಿ ಪಾತ್ರೆ ಕುಕ್ಕತೊಡಗಿದೆ. ಆಮೇಲೆ ಅವರು ಇನ್ನೇನೋ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ.

ಮಧ್ಯಾಹ್ನವೆಲ್ಲ ಕೆಲಸ ಹಿಡಿಯಿತು. ಮೂಲೆ ಕೋಣೆಗೆ ನಾನು ಹೋದದ್ದು ಸಂಜೆ, ಬಿಸಿಲು ಇನ್ನೂ ಇತ್ತು. ಎರಡು ಮಂಚದ ಕೋಣೆ. ಬಾಗಿಲ ಕಡೆಯ ಮಂಚ ಖಾಲಿ, ಹೊದಿಕೆ ದಿಂಬು ಎಲ್ಲ ತೆಗೆದು ಬರೀ ಹಾಸಿಗೆ ಉಳಿದಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಜ್ಜಿಯನ್ನು ಕೂರಿಸಿದ್ದರು. ಸಣಕಲು ಮೈ, ತಿಳಿನೀಲಿ ಕಣ್ಣು. ಬಲಗೈ ತೊಡೆಯ ಮೇಲೆ ಇಟ್ಟಲ್ಲೇ ಬಿದ್ದಿತ್ತು. ಹಿಂದೆಂದೋ ಸ್ಟ್ರೋಕ್ ಆಗಿದೆ ಎಂದುಕೊಂಡೆ. ಕೇಸ್ ಪೇಪರ್ ದಪ್ಪಗಿತ್ತು, ತುಂಬ ನಮ್ಮವರ ದುಂಡು ಅಕ್ಷರ. ಆ ಅಕ್ಷರ ನೋಡಲು ಮನಸ್ಸಾಗಲಿಲ್ಲ, ಮಡಚಿ ಬದಿಗಿಟ್ಟೆ. ನಾನೇ ಕೇಳಿ ತಿಳಿದುಕೊಳ್ಳುತ್ತೇನೆ, ಅವರ ಟಿಪ್ಪಣಿ ನನಗೇಕೆ?

ಆದರೆ ಪ್ರಶ್ನೆ ಶುರು ಮಾಡುವ ಮೊದಲೇ ನನ್ನ ಕಣ್ಣು ಅಜ್ಜಿಯ ತಲೆಯ ಮೇಲೆ ಬಿತ್ತು. ಉದ್ದನೆಯ ಬಿಳಿ ಕೂದಲು ಜಡೆಗಟ್ಟಿ ಹೆಗಲ ಮೇಲೆ ಬಿದ್ದಿತ್ತು. ಬಾಚಲು ಹೋದರೆ ಎಡಗೈಯಲ್ಲಿ ಹೊಡೆಯುತ್ತಾಳೆ, ಕೆಟ್ಟ ಮುಂಗೋಪಿ, ಎಂದು ನರ್ಸ್ ಮೊದಲೇ ಎಚ್ಚರಿಸಿದ್ದಳು. ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಗಳು ತಲೆ ಕೆದರಿಕೊಂಡು ಕೂರಬಾರದು ಎಂದು ನಮ್ಮಜ್ಜಿ ನನ್ನ ಬೆನ್ನು ಹತ್ತಿ ಜಡೆ ಹಾಕುತ್ತಿದ್ದರು. ಶಕುನ ನಂಬದವಳು ನಾನು, ಆದರೆ ಇದು ನಂಬಿಕೆಯಲ್ಲ, ಕೈಗೆ ಹತ್ತಿದ ಚಟ. ಬ್ಯಾಗಿನಿಂದ ನನ್ನ ಬಾಚಣಿಗೆ ತೆಗೆದೆ, ಕುರ್ಚಿಯ ಹಿಂದೆ ಹೋಗಿ ನಿಂತೆ, ತುದಿಯಿಂದ ಸಿಕ್ಕು ಬಿಡಿಸತೊಡಗಿದೆ. ಅಜ್ಜಿ ಹೊಡೆಯಲಿಲ್ಲ. ಡಾಕ್ಟರುಗಳು ಮಾಡುವ ಕೆಲಸ ಅದಲ್ಲ, ಯಾರಾದರೂ ನೋಡಿದ್ದರೆ ನಗುತ್ತಿದ್ದರು.

ಬಾಚಣಿಗೆ ಎಡಗಡೆಯ ಕಣತಲೆಯ ಹತ್ತಿರ ಬಂದಾಗ ಅಜ್ಜಿ ಮಾತಾಡಿದರು.

“ಮೆಲ್ಲಗೆ, ಮಗಳೇ. ಅಲ್ಲಿ ಕೂದಲು ಮುಟ್ಟಿದರೂ ಬೆಂಕಿ ಇಟ್ಟ ಹಾಗಾಗುತ್ತೆ.”

ಟೆಕ್ಸಸ್ಸಿನ ಹಳ್ಳಿಯವರ ಇಂಗ್ಲಿಷು, ಎಳೆದೆಳೆದು ಆಡುವ ಮಾತು. ದನಿ ಒಣಗಿತ್ತು, ಆದರೆ ಒಂದಕ್ಷರವೂ ತೊದಲಲಿಲ್ಲ. ನನಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ರೋಗಿ ಮಾತಾಡುವುದರಲ್ಲಿ ವಿಚಿತ್ರವೇನು? ಯಾವಾಗಿನಿಂದ ಎಂದು ಕೇಳಿದೆ. ಗದ್ದೆಗೆ ನೀರು ಬಿಟ್ಟಾಗಿನಿಂದ ಎಂದರು. ಆಗ ಕೇಟಿ ಎಂದರೆ ಬರೀ ಭತ್ತದ ಗದ್ದೆ. ಈಗ ಅಲ್ಲಿ ಸಾಲು ಮನೆ ಕೊಂಡಿರುವ ನಮ್ಮ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ನಾನು ಮುಂದೆ ಏನೂ ಕೇಳಲಿಲ್ಲ, ಸಿಕ್ಕು ಗಟ್ಟಿಯಾಗಿತ್ತು, ಗಮನ ಅದರ ಮೇಲಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರೇ ಮುಂದುವರಿಸಿದರು.

“ಕಾರ್ನ್‌ಬ್ರೆಡ್ ಅರ್ಧ ತಿನ್ನೋದರೊಳಗೆ ದವಡೆ ಸೋತುಹೋಗುತ್ತೆ. ಸುಮ್ಮನೆ ಕೂತರೆ ಮತ್ತೆ ಅಗಿಯಬಹುದು. ಸೇರಲ್ಲ ಅಂತ ತಟ್ಟೆ ತೊಗೊಂಡು ಹೋಗಿಬಿಡ್ತಾರೆ. ಮೊನ್ನೆ ಈ ಎಡಗಣ್ಣಿಗೆ ಕಿಟಕಿ ಪರದೆ ಇಳಿಸಿದ ಹಾಗಾಯ್ತು. ಆಮೇಲೆ ತಾನೇ ಮೇಲೆ ಹೋಯ್ತು.”

ನನ್ನ ಕೈ ಅಲ್ಲಿಗೇ ನಿಂತಿತು. ಕೂದಲು ಮುಟ್ಟಿದರೆ ನೋವು, ಅಗಿದರೆ ಸೋಲುವ ದವಡೆ, ಕಣ್ಣಿಗೆ ಪರದೆ, ಬಿಡದ ಜ್ವರ, ವಯಸ್ಸು. ಬೆರಳಿಟ್ಟು ನೋಡಿದೆ. ಕಣತಲೆಯಲ್ಲಿ ರಕ್ತನಾಳ ದಪ್ಪ ದಾರದ ಹಾಗೆ ಗಟ್ಟಿಯಾಗಿ ಸಿಕ್ಕಿತು. ವಯಸ್ಸಾದವರಿಗೇ ಬರುವ ಒಂದು ಕಾಯಿಲೆ ಅದು, ತಲೆಯ ರಕ್ತನಾಳಗಳು ಊದಿಕೊಳ್ಳುತ್ತವೆ. ಪುಸ್ತಕದಲ್ಲಿ ಓದಿದ್ದೆ, ನಮ್ಮ ವಾರ್ಡಿನಲ್ಲಿ ಯಾರೂ ಕಂಡಿರಲಿಲ್ಲ. ತಡಮಾಡಿದರೆ ಕಣ್ಣು ಹೋಗುತ್ತದೆ, ಹೋದ ಕಣ್ಣು ಮರಳುವುದಿಲ್ಲ. ಹಿಡಿದರೆ ಮಾತ್ರೆಯಲ್ಲಿ ವಾಸಿ. ಜಡೆಯನ್ನು ಬೇಗಬೇಗ ಹೆಣೆದು, ಬ್ಯಾಂಡೇಜ್ ಬಟ್ಟೆಯ ತುಂಡೊಂದರಲ್ಲಿ ಗಂಟು ಹಾಕಿ ಫೋನಿನ ಕಡೆ ಓಡಿದೆ.

ಸ್ಟೀರಾಯ್ಡ್ ಶುರು ಮಾಡಲು ಹಿರಿಯ ಡಾಕ್ಟರ ಒಪ್ಪಿಗೆ ಪಡೆದೆ. ಮರುದಿನ ಬೆಳಿಗ್ಗೆ ಆ ರಕ್ತನಾಳದ ಚೂರು ತೆಗೆದು ಪರೀಕ್ಷಿಸಲು ಸರ್ಜನ್‌ಗೆ ಹೇಳಿದೆ. ಮೈಯಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆಗೆ ಲ್ಯಾಬಿಗೆ ಫೋನ್ ಮಾಡಿದರೆ, “ಇದನ್ನು ಶುಕ್ರವಾರವೇ ಡಾಕ್ಟರ್ ಮೂರ್ತಿ ಕಳಿಸಿದ್ದಾರಲ್ಲ, ತುಂಬ ಜಾಸ್ತಿ ಬಂದಿದೆ,” ಎಂದರು. ಅದರಲ್ಲೇನಿಲ್ಲ, ಬಿಡದ ಜ್ವರಕ್ಕೆ ಯಾರಾದರೂ ಮಾಡಿಸುವ ಪರೀಕ್ಷೆ ಅದು. ಅಜ್ಜಿಯ ಮಾತುಗಳನ್ನೆಲ್ಲ ಅವರದೇ ಬಾಯಿಯಲ್ಲಿ ಬಂದ ಹಾಗೆ ಕೇಸ್ ಪೇಪರಿನಲ್ಲಿ ಬರೆದು ನನ್ನ ಸಹಿ ಹಾಕಿದೆ. ಎಂಜಿನಿಯರ ಮನೆಗೆ ಫೋನ್ ಮಾಡಿ ನಮ್ಮವರಿಗೆ ತಿಳಿಸಲಿಲ್ಲ. ಯಾಕೆ ತಿಳಿಸಬೇಕು? ಡ್ಯೂಟಿ ನನ್ನದು, ಕೈ ನನ್ನದು, ಬಾಚಣಿಗೆಯೂ ನನ್ನದೇ.

ಬೆಳಿಗ್ಗೆ ಮನೆಗೆ ಹೋದಾಗ ಅವರು ಸ್ಟೀಲ್ ಡಬ್ಬಿಯಲ್ಲಿ ತಂದಿಟ್ಟಿದ್ದ ಬಿಸಿಬೇಳೆಬಾತನ್ನು ಬಿಸಿ ಮಾಡಿಕೊಟ್ಟರು. “ಅಜ್ಜಿ ಹತ್ತಿರ ಕೂತಿದ್ಯಾ?” ಎಂದು ಕೇಳಿದರು. “ನಿಂತಿದ್ದೆ,” ಎಂದೆ. ನಕ್ಕು ಆಸ್ಪತ್ರೆಗೆ ಹೊರಟರು. ಅಷ್ಟು ದಿನ ಬಿಡದ ಜ್ವರ ಅವರು ಹೋಗುವಷ್ಟರಲ್ಲಿ ಇಳಿದಿತ್ತು. ನಾನು ಬರೆದದ್ದನ್ನು ಓದಿರಲೇಬೇಕು, ಆದರೆ ಸಂಜೆ ಬಂದಾಗ ಆ ಬಗ್ಗೆ ತುಟಿ ಬಿಚ್ಚಲಿಲ್ಲ. ಹೊಟ್ಟೆ ಉರಿದಿರಬೇಕು ಎಂದು ನನಗೆ ಒಳಗೊಳಗೇ ಖುಷಿ.

ಆ ವಾರದ ಕಾನ್ಫರೆನ್ಸಿನಲ್ಲಿ ಕೇಸನ್ನು ನಾನೇ ಮಂಡಿಸಬೇಕೆಂದು ಪ್ರೊಫೆಸರ್ ಹೇಳಿಕಳಿಸಿದರು. ಇಟ್ಟುಕೊಂಡಿದ್ದ ಮೈಸೂರು ಸಿಲ್ಕ್ ಸೀರೆ ಉಟ್ಟು ಹೋದೆ. ಹಾಲ್ ತುಂಬಿತ್ತು. ಅಜ್ಜಿ ಹೇಳಿದ್ದನ್ನು ಒಂದೊಂದಾಗಿ ಓದಿದೆ, ಬೆಂಕಿ, ಕಾರ್ನ್‌ಬ್ರೆಡ್, ಪರದೆ. ಓದುತ್ತಿದ್ದಂತೆ ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. ಪ್ರೊಫೆಸರ್ ಕೈ ಎತ್ತಿ ನಿಲ್ಲಿಸಿದರು.

“ಡಾಕ್ಟರ್, ಇದನ್ನೆಲ್ಲ ನಿಮಗೆ ಯಾರು ಹೇಳಿದರು?”

“ರೋಗಿಯೇ ಹೇಳಿದರು.”

ಹೆಡ್ ನರ್ಸ್ ತಡೆಯಲಾರದೆ ಎದ್ದು ನಿಂತಳು. “ಆಕೆ ನಮ್ಮಲ್ಲಿಗೆ ಬಂದಾಗಿನಿಂದ ಒಂದು ಮಾತೂ ಆಡಿಲ್ಲ. ಸ್ಟ್ರೋಕಿನಲ್ಲಿ ಮಾತು ಪೂರ್ತಿ ನಿಂತುಹೋಗಿದೆ. ಹೂಂ ಅನ್ನೋದಕ್ಕೂ ಆಗೋದಿಲ್ಲ.”

ಯಾರೋ ಕಿಸಕ್ಕನೆ ನಕ್ಕರು. ಮತ್ತೊಬ್ಬರು ನಕ್ಕರು. ಆಮೇಲೆ ಅರ್ಧ ಹಾಲ್ ನಕ್ಕಿತು. ನಾನು ಓದದೆ ಬದಿಗಿಟ್ಟ ಕೇಸ್ ಪೇಪರು, ನಲ್ಲಿಯ ಸದ್ದಿನಲ್ಲಿ ಕೇಳಿಸಿಕೊಳ್ಳದೆ ಹೋದ ಮಾತು, ಎಲ್ಲ ಒಟ್ಟಿಗೆ ನೆನಪಾಯಿತು. ರೋಗ ಸರಿಯಾಗಿಯೇ ಇರಬಹುದು, ಆದರೆ ರೋಗಿಯ ಬಾಯಲ್ಲಿ ಇಲ್ಲದ ಮಾತನ್ನು ಕಟ್ಟಿ ಬರೆದವಳು ಎಂದಾದರೆ ಚೀಫ್ ರೆಸಿಡೆಂಟ್ ಹುದ್ದೆ ಇರಲಿ, ಇದ್ದ ಕೆಲಸವೂ ಉಳಿಯುವುದಿಲ್ಲ. ಬಾಯಿ ತೆರೆದೆ, ಮಾತು ಬರಲಿಲ್ಲ. ಆ ಹೊತ್ತಿನಲ್ಲಿ ನಾನೂ ಆ ಅಜ್ಜಿಯ ಹಾಗೆಯೇ ಆಗಿದ್ದೆ.

ಆಗ ಕಡೆಯ ಸಾಲಿನಿಂದ ನಮ್ಮವರ ದನಿ ಬಂತು.

“ಸರ್, ನನಗೂ ಹೇಳಿದ್ದರು. ಶುಕ್ರವಾರ.”

ಪ್ರೊಫೆಸರ್ ಅವರನ್ನು ನೋಡಿದರು, ನನ್ನನ್ನು ನೋಡಿದರು. “ಹಾಗಾದರೆ ನಮಗೆಲ್ಲರಿಗಿಂತ ಮೂರ್ತಿಗಳ ಕಿವಿ ಚೆನ್ನಾಗಿದೆ,” ಎಂದು ದೀಪ ಆರಿಸಿ ಸ್ಲೈಡ್ ಹಾಕಲು ಹೇಳಿದರು. ಊದಿದ ರಕ್ತನಾಳ ಗೋಡೆಯ ತುಂಬ ಮೂಡಿತು. ನಾನು ಹೇಳಿದ ರೋಗವೇ. ಆಮೇಲೆ ಯಾರೂ ನಗಲಿಲ್ಲ. ಆ ತಿಂಗಳ ಕೊನೆಗೆ ಚೀಫ್ ರೆಸಿಡೆಂಟ್ ಎಂದು ನನ್ನ ಹೆಸರು ಬಂತು.

ಕಾನ್ಫರೆನ್ಸ್ ಮುಗಿದ ಕೂಡಲೆ ಪಾರ್ಕಿಂಗ್ ಜಾಗದಲ್ಲಿ ನಮ್ಮವರನ್ನು ಹಿಡಿದೆ. ಹ್ಯೂಸ್ಟನ್ನಿನ ಸೆಕೆಗೆ ಸಿಲ್ಕ್ ಸೀರೆ ಮೈಗೆ ಅಂಟಿಕೊಂಡಿತ್ತು.

“ನಿಜ ಹೇಳಿ. ಆಕೆ ನಿಮ್ಮ ಹತ್ತಿರ ಮಾತಾಡಿದ್ರಾ?”

“ನಿನ್ನ ಹತ್ತಿರ ಮಾತಾಡಿದರು ಅಂತ ನೀನು ಹೇಳಿದೆ, ನಾನು ನಂಬಿದೆ. ನನ್ನ ಹತ್ತಿರ ಮಾತಾಡಿದರು ಅಂತ ನಾನು ಹೇಳಿದೀನಿ. ನೀನೂ ನಂಬು.”

“ಶುಕ್ರವಾರವೇ ಗೊತ್ತಿದ್ದರೆ ಮಾತ್ರೆ ಯಾಕೆ ಶುರು ಮಾಡಲಿಲ್ಲ?”

ಅವರು ಕಾರಿನ ಬಾಗಿಲು ತೆಗೆದು, “ಹತ್ತು, ಸುಡ್ತಾ ಇದೆ,” ಎಂದರು. ಅಷ್ಟೇ.

ಅಂದು ಶುರುವಾದ ಸಂಕಟ ಇನ್ನೂ ಮುಗಿದಿಲ್ಲ. ಅವರು ಹೇಳಿದ್ದು ಸುಳ್ಳಾಗಿದ್ದರೆ ನನ್ನ ಮರ್ಯಾದೆ ಉಳಿಸಲು ತಮ್ಮ ಹೆಸರನ್ನೇ ಪಣಕ್ಕಿಟ್ಟರು. ಆ ಹುದ್ದೆಯ ಕುರ್ಚಿ ನನಗೆ ಅವರು ಕೊಟ್ಟ ಭಿಕ್ಷೆ. ನಿಜವಾಗಿದ್ದರೆ ಅಜ್ಜಿ ಮೊದಲು ಅವರಿಗೇ ಹೇಳಿದ್ದಾರೆ, ನನಗೆ ಸಿಕ್ಕಿದ್ದು ಎರಡನೆಯ ಸಲದ್ದು. ಹೇಗೆ ತಿರುಗಿಸಿ ನೋಡಿದರೂ ಸೋತವಳು ನಾನೇ. ಗೆದ್ದು ಕುರ್ಚಿಯ ಮೇಲೆ ಕೂತು ಸೋತವಳು ನಾನೊಬ್ಬಳೇ ಇರಬೇಕು.

ಕಾನ್ಫರೆನ್ಸಿನ ಮರುದಿನ ಅಜ್ಜಿಯ ಕೋಣೆಗೆ ಹೋದೆ. ಈ ಸಲ ಎದುರಿಗೇ, ಮಂಚದ ಅಂಚಿನಲ್ಲಿ ಕೂತೆ. ಹೌದು, ಕೂತೆ. ಬಹಳ ಹೊತ್ತು ಕಾದೆ. ತಿಳಿನೀಲಿ ಕಣ್ಣು ನನ್ನನ್ನೇ ನೋಡುತ್ತಿತ್ತು, ತುಟಿ ಅಲುಗಲಿಲ್ಲ. ಕೊನೆಗೆ ಎಡಗೈ ಎತ್ತಿ ನನ್ನ ಜಡೆಯ ತುದಿ ಹಿಡಿದುಕೊಂಡರು. ಡಿಸ್ಚಾರ್ಜ್ ದಿನ ಅವರ ಅಣ್ಣನ ಮಗ ಕೇಟಿಯಿಂದ ಪಿಕಪ್ ತಂದಿದ್ದ. ಅವನನ್ನು ಬಿಡದೆ ಕೇಳಿದೆ. ಸ್ಟ್ರೋಕ್ ಆದ ಮೇಲೆ ಅತ್ತೆ ಚರ್ಚಿನಲ್ಲಿ ಆಮೆನ್ ಎಂದೂ ಅಂದಿಲ್ಲ ಎಂದ. ಊಟ ಯಾವಾಗಿನಿಂದ ಬಿಟ್ಟರು ಎಂದರೆ ಸ್ವಲ್ಪ ಯೋಚಿಸಿ, ಗದ್ದೆಗೆ ನೀರು ಬಿಟ್ಟ ದಿನಗಳಲ್ಲಿ, ಕಾರ್ನ್‌ಬ್ರೆಡ್ ಅರ್ಧಕ್ಕೇ ಬಿಡತೊಡಗಿದರು ಎಂದ. ಇದನ್ನು ಅವನು ಬೇರೆ ಯಾರಿಗಾದರೂ ಹೇಳಿದ್ದನೇ? ಇಲ್ಲ, ಯಾರೂ ಕೇಳಲಿಲ್ಲ ಎಂದ. ಹೋಗುವಾಗ, “ಈ ಜಡೆ ಯಾರು ಹಾಕಿದ್ದು? ಬಿಚ್ಚೋಕೆ ಬಿಡ್ತಿಲ್ಲ,” ಎಂದು ನಕ್ಕ.

ಡಾಕ್ಟರಾಗಿ ನಾನು ಸಮಾಧಾನ ಹುಡುಕದೆ ಇಲ್ಲ. ನಾನು ಕುರ್ಚಿಯ ಹಿಂದೆ ನಿಂತಿದ್ದೆ, ಅವರ ತುಟಿ ಅಲುಗಿದ್ದನ್ನು ಕಣ್ಣಾರೆ ಕಂಡಿಲ್ಲ. ಬೆರಳಿಗೆ ಸಿಕ್ಕ ರಕ್ತನಾಳವನ್ನು ಕೈ ಮೊದಲು ತಿಳಿದುಕೊಂಡು, ಗೆಲ್ಲಲೇಬೇಕೆಂದು ಹಸಿದಿದ್ದ ಮನಸ್ಸು ಅದಕ್ಕೊಂದು ದನಿ ಕೊಟ್ಟಿರಬಹುದು. ಮಾತು ನಿಂತ ರೋಗಿಗಳ ಬಾಯಿಂದ ಎಂದೋ ಒಂದೆರಡು ಪದ ಜಾರಿ ಬೀಳುವುದನ್ನು ನಾನೇ ನೋಡಿದ್ದೇನೆ. ಆದರೆ ಪದ ಬೇರೆ, ಇಷ್ಟುದ್ದದ ಮಾತು ಬೇರೆ. ಗದ್ದೆಯ ನೀರು ನನ್ನ ಬೆರಳಿಗೆ ಹೇಗೆ ಗೊತ್ತಾಯಿತು? ಕಾರ್ನ್‌ಬ್ರೆಡ್ಡನ್ನು ನಾನು ಅಲ್ಲಿಯವರೆಗೆ ಬಾಯಿಗೂ ಇಟ್ಟಿರಲಿಲ್ಲ.

ಮುಂದೆ ನಾವು ಆಸ್ಟಿನ್‌ಗೆ ಶಿಫ್ಟ್ ಆಗಿ, ಬೇರೆ ಬೇರೆ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿ, ಮಕ್ಕಳನ್ನು ಬೆಳೆಸಿ, ರಿಟೈರ್ ಆದೆವು. ಆ ಅನುಭವ ನನಗೆ ಮತ್ತೆಂದೂ ಆಗಲಿಲ್ಲ. ಎಷ್ಟು ಮುದುಕಿಯರ ತಲೆ ಬಾಚಿದೆನೋ, ಎಲ್ಲರೂ ಬಾಚಣಿಗೆಯ ಬಗ್ಗೆಯೇ ಮಾತಾಡಿದರು. ಪ್ರತಿ ವರ್ಷ ಮದುವೆಯ ದಿನ ಬೆಳಿಗ್ಗೆ ಕಾಫಿ ಕೊಟ್ಟು ‘ರೀ, ಈಗಲಾದರೂ ಹೇಳಿ’ ಎನ್ನುತ್ತಿದ್ದೆ. ಇವರು ಕಾಫಿ ಕುಡಿದು ಲೋಟ ವಾಪಸು ಕೊಡುತ್ತಿದ್ದರು.

ಈಗ ಕೇಳುವ ಹಾಗೂ ಇಲ್ಲ. ಹೋದ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ತೊಡೆಯ ಮೇಲೆ ಇಟ್ಟಲ್ಲೇ ಇರುತ್ತದೆ. ಮಾತು ಪೂರ್ತಿ ಹೋಗಿದೆ, ಹೂಂ ಎನ್ನುವುದಕ್ಕೂ ಆಗುವುದಿಲ್ಲ. ಅವರನ್ನು ಸೇರಿಸಿರುವ ಆರೈಕೆ ಕೇಂದ್ರಕ್ಕೆ ದಿನಾ ಮಧ್ಯಾಹ್ನ ಹೋಗಿ ಅವರ ಮಂಚದ ಅಂಚಿನಲ್ಲಿ ಕೂರುತ್ತೇನೆ. ಕುರ್ಚಿಯಲ್ಲಿ ಕೂರಿಸಿದ್ದ ದಿನ ಹಿಂದೆ ನಿಂತು ಉಳಿದಿರುವ ನಾಲ್ಕು ಕೂದಲನ್ನು ಬಾಚುತ್ತೇನೆ, ಎಡಗಡೆಯ ಕಣತಲೆಯ ಹತ್ತಿರ ಬೇಕೆಂದೇ ನಿಧಾನ ಮಾಡುತ್ತೇನೆ. ತುಟಿ ನೋಡಲು ಬಗ್ಗುವುದಿಲ್ಲ. ಕಾಯುತ್ತೇನೆ. ಏನೂ ಇಲ್ಲ.

ಅಲ್ಲಿ ನಮ್ಮ ಕಡೆಯವಳೇ ಒಬ್ಬಳು ಹುಡುಗಿ ಡಾಕ್ಟರ್ ಇದ್ದಾಳೆ. ಅಪ್ಪ ಅಮ್ಮ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿರುವ ಕನ್ನಡದವರು. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಮೊನ್ನೆ ನಾನು ಹೋದಾಗ ಬಾಗಿಲು ಅರ್ಧ ತೆರೆದಿತ್ತು. ಅವಳು ಮಂಚದ ಅಂಚಿನಲ್ಲಿ ಕೂತಿದ್ದಳು, ತಲೆ ಅವರ ಕಡೆ ಬಾಗಿತ್ತು. ನಾನು ಕಾರಿಡಾರಿನಲ್ಲೇ ನಿಂತೆ. ಅವಳು ಬಹಳ ಹೊತ್ತು ಕೂತು, ನಗುತ್ತ ಹೊರಗೆ ಬಂದಳು. ಆ ನಗು ನೋಡಿ ಈ ವಯಸ್ಸಿನಲ್ಲಿ ನನ್ನ ಹೊಟ್ಟೆಯಲ್ಲಿ ಅದೇ ಹಳೆಯ ಕಿಚ್ಚು ಎದ್ದಿತು.

“ಅಂಕಲ್ ನಿನಗೆ ಏನಮ್ಮ ಹೇಳಿದ್ರು?” ಎಂದು ಕೇಳಿದೆ.

ಅವಳು ನನ್ನ ಭುಜದ ಮೇಲೆ ಕೈಯಿಟ್ಟು, ಇಂಗ್ಲಿಷಿನಲ್ಲಿ, ಬಹಳ ಮೃದುವಾಗಿ ಹೇಳಿದಳು: “ಆಂಟಿ, ಅಂಕಲ್‌ಗೆ ಮಾತು ಬರೋದಿಲ್ಲ. ನಿಮಗೆ ಗೊತ್ತಲ್ಲ.”

ಗೊತ್ತು ಎಂದೆ. ಆದರೆ ಅವಳ ಮಾತನ್ನು ನಾನು ನಂಬಲಿಲ್ಲ.